ಸೇಂಟ್ ಕಿಲ್ಡಾ ಕಾಯುವವರ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪಗಳಲ್ಲಿ ದೊಡ್ಡದಾದ ಹಿರ್ತಾದ ಹಳೇ ಊರಿನ ದುರಸ್ತಿ ಕೆಲಸಕ್ಕೆ ಸ್ವಯಂಸೇವಕರ ತಂಡದ ಜತೆ ಹೋಗಿ ಬಂದಾಗಿನಿಂದ ಮನೆಯವರು, ಗೆಳೆಯರು, ಗುರುತಿಲ್ಲದವರು ಎಲ್ಲರೂ ಅದರ ಬಗ್ಗೆಯೇ ಕೇಳುತ್ತಾರೆ. ಕೆಲವರು ಪತ್ರ ಬರೆದು ಕೇಳಿದರೆ, ಕೆಲವರು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು ಕೇಳುತ್ತಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಗ್ಗಂಟಿನವು ಆಮೇಲೆ.

## ಮೊದಲ ಪರಿಚಯ

ಸೇಂಟ್ ಕಿಲ್ಡಾ ಅಂದ್ರೆ ಎಲ್ಲಿ? ಹೆಸರೇ ಕೇಳಿಲ್ವಲ್ಲ!

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಹೆಬ್ರಿಡೀಸ್ ದ್ವೀಪಗಳಿವೆ. ಅವುಗಳ ಹೊರಸಾಲನ್ನೂ ದಾಟಿ ಅಟ್ಲಾಂಟಿಕ್ ಕಡೆಗೆ ಇನ್ನೂ ಸುಮಾರು 64 ಕಿ.ಮೀ. ಹೋದರೆ ಈ ಪುಟ್ಟ ದ್ವೀಪಗಳ ಗುಂಪು ಸಿಗುತ್ತದೆ. ದೊಡ್ಡದು ಹಿರ್ತಾ. ಅದರ ಸುತ್ತ ಸೋಯೆ, ಬೋರೆರೇ, ಡೂನ್, ಮತ್ತೆ ಕಡಲಿಂದ ನೆಟ್ಟಗೆ ಎದ್ದು ನಿಂತ ಕೆಲವು ಬಂಡೆಗಳು. ಜನ ವರ್ಷಪೂರ್ತಿ ಬದುಕುತ್ತಿದ್ದ ಊರು ಹಿರ್ತಾದಲ್ಲಿತ್ತು. ಇಡೀ ಹಿರ್ತಾ ಏಳು ಚದರ ಕಿ.ಮೀ. ಕೂಡ ಇಲ್ಲ. ಆದರೆ ಅಲ್ಲಿನ ಕೊನಖೇರ್ ಬೆಟ್ಟ 430 ಮೀಟರ್ ಎತ್ತರ, ಒಂದು ಮಗ್ಗುಲು ಕಡಿದಾಗಿ ಸಮುದ್ರಕ್ಕೇ ಇಳಿಯುತ್ತದೆ. ದ್ವೀಪದಲ್ಲಿ ಮರಗಳಿಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಇದೇ ಹೆಸರಿನ ಬಡಾವಣೆ ಇದೆ, ಹುಡುಕುವಾಗ ಅದು ಅಡ್ಡ ಬರುತ್ತದೆ.

ಇಡೀ ಊರೇ ಖಾಲಿ ಆಗಿದ್ದು ಯಾಕೆ? ಯುದ್ಧನಾ, ರೋಗನಾ?

ಒಂದೇ ಕಾರಣ ಹೇಳಿದರೆ ತಪ್ಪಾಗುತ್ತದೆ. 1727ರಲ್ಲಿ ಸಿಡುಬು ಬಂದು ಊರಿನ ಬಹುಪಾಲು ಜನ ಸತ್ತುಹೋದರು. ಆಗ ಹಕ್ಕಿ ಹಿಡಿಯಲು ಸ್ಟಾಕ್ ಆನ್ ಆರ್ಮಿನ್ ಬಂಡೆಗೆ ಹೋಗಿದ್ದ ಮೂವರು ಗಂಡಸರು, ಎಂಟು ಹುಡುಗರು ಬದುಕಿಕೊಂಡರು. ಕರೆತರಲು ದೋಣಿ ನಡೆಸುವವರೇ ಇಲ್ಲದೆ ಚಳಿಗಾಲವಿಡೀ ಆ ಬಂಡೆಯ ಮೇಲೇ ಕಳೆದರು. ಆಮೇಲೆ ಬೇರೆ ಕಡೆಯಿಂದ ಕುಟುಂಬಗಳು ಬಂದು ಊರು ಮತ್ತೆ ತುಂಬಿತು. 1852ರಲ್ಲಿ 36 ಜನ ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದರು, ಅವರಲ್ಲಿ ಹಲವರು ದಾರಿಯಲ್ಲೇ ತೀರಿಕೊಂಡರು. 19ನೇ ಶತಮಾನದಲ್ಲಿ ಹುಟ್ಟಿದ ಮಕ್ಕಳು ಮೊದಲ ವಾರ ದಾಟುವುದೇ ಕಷ್ಟವಿತ್ತು, ಧನುರ್ವಾಯು ಎಳೆಗೂಸುಗಳನ್ನು ಕೊಂಡೊಯ್ಯುತ್ತಿತ್ತು.

ಮೊದಲ ಮಹಾಯುದ್ಧದಲ್ಲಿ ಹಿರ್ತಾಕ್ಕೆ ನೌಕಾಪಡೆಯವರು ಬಂದರು. ಅವರ ಜತೆ ಟಪಾಲು, ಸಾಮಾನು, ಸಂಬಳ ಎಲ್ಲ ಬಂತು. ಯುದ್ಧ ಮುಗಿದು ಅವರು ಹೋದ ಮೇಲೆ ಯುವಕರಿಗೆ ಊರು ಸಾಕೆನಿಸಿತು. ಒಬ್ಬೊಬ್ಬರೇ ಹೊರಟರು. ದೋಣಿ ಹುಟ್ಟು ಹಾಕಲು, ಬಂಡೆಗೆ ಹಗ್ಗ ಬಿಟ್ಟು ಇಳಿಯಲು ತೋಳುಬಲ ಬೇಕಲ್ಲ, ಅದೇ ಉಳಿಯಲಿಲ್ಲ. 1926ರಲ್ಲಿ ಇನ್‌ಫ್ಲುಯೆಂಜಾ ನಾಲ್ವರು ಗಂಡಸರನ್ನು ಒಯ್ದಿತು. 1930ರ ಮೇ 10ರಂದು ಊರಿನವರೇ ಸರ್ಕಾರಕ್ಕೆ ಅರ್ಜಿ ಬರೆದರು, ನಮ್ಮನ್ನು ಇಲ್ಲಿಂದ ಕರೆದುಕೊಂಡು ಹೋಗಿ ಅಂತ. ಅದೇ ವರ್ಷ ಆಗಸ್ಟ್ 29ರಂದು ಉಳಿದಿದ್ದ 36 ಜನ ಹೇರ್‌ಬೆಲ್ ಎಂಬ ನೌಕೆ ಹತ್ತಿದರು. ಪ್ರತಿ ಮನೆಯಲ್ಲೂ ಬೈಬಲ್ ತೆರೆದಿಟ್ಟು, ಪಕ್ಕದಲ್ಲಿ ಒಂದಿಷ್ಟು ಓಟ್ಸ್ ಕಾಳು ಸುರಿದು ಬಂದರು. ನಾಯಿಗಳನ್ನು ಕಡಲಿಗೆ ಹಾಕಿ ಮುಳುಗಿಸಿದರು. ಇದನ್ನು ಕೇಳಿದವರು ಬೈಬಲ್ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ, ನಾಯಿಗಳ ವಿಷಯ ಯಾರೂ ಎತ್ತುವುದಿಲ್ಲ.

ಬಿಟ್ಟು ಹೋದವರು ಮತ್ತೆ ಬರಲೇ ಇಲ್ವಾ?

ಬಂದರು, ಬೇಸಿಗೆಗೆ. 1930ರ ದಶಕದಲ್ಲಿ ಕೆಲವರು ತಮ್ಮದೇ ಮನೆಯಲ್ಲಿ ಕೆಲವು ವಾರ ಇದ್ದು ಹೋಗುತ್ತಿದ್ದರು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಅದೂ ನಿಂತಿತು. ಮರಗಳಿಲ್ಲದ ದ್ವೀಪದಿಂದ ಬಂದ ಗಂಡಸರಲ್ಲಿ ಹಲವರಿಗೆ ಸರ್ಕಾರ ಕೊಟ್ಟಿದ್ದು ಅರಣ್ಯ ಇಲಾಖೆ ಕೆಲಸ! ಹಿರ್ತಾದಲ್ಲಿ ಹುಟ್ಟಿ ಬೆಳೆದವರಲ್ಲಿ ಕೊನೆಯವರಾದ ರೇಚಲ್ ಜಾನ್ಸನ್ 2016ರಲ್ಲಿ ತೀರಿಕೊಂಡರು. ಊರು ಬಿಟ್ಟಾಗ ಅವರು ಎಂಟು ವರ್ಷದ ಹುಡುಗಿ.

ಜನರೇ ಇಲ್ಲದ ಊರನ್ನು ಯಾಕೆ ಕಾಯಬೇಕು? ಯಾರ ಆಸ್ತಿ ಅದು?

1931ರಲ್ಲಿ ಲಾರ್ಡ್ ಡಂಫ್ರೀಸ್ ದ್ವೀಪಗಳನ್ನು ಕೊಂಡರು. ಅವರಿಗೆ ಹಕ್ಕಿಗಳ ಹುಚ್ಚು. ಮುಂದೆ ಅವರೇ ಬ್ಯೂಟ್‌ನ ಮಾರ್ಕ್ವೆಸ್ ಎಂಬ ಬಿರುದಿನವರಾದರು. ಅವರ ಉಯಿಲಿನ ಪ್ರಕಾರ 1957ರಲ್ಲಿ ದ್ವೀಪಗಳು ಪಾರಂಪರಿಕ ಜಾಗಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಎಂಬ ಸಂಸ್ಥೆಗೆ ಬಂದವು. ಅದೇ ವರ್ಷ ಸೇನೆ ಕೂಡ ಹಿರ್ತಾದಲ್ಲಿ ರಾಡಾರ್ ನೆಲೆ ಹಾಕಿತು, ಹೆಬ್ರಿಡೀಸ್‌ನಿಂದ ಪರೀಕ್ಷೆಗೆ ಹಾರಿಸುವ ಕ್ಷಿಪಣಿಗಳ ಜಾಡು ಹಿಡಿಯಲು. ಅದು ಇವತ್ತಿಗೂ ಇದೆ.

ಯುನೆಸ್ಕೋ 1986ರಲ್ಲಿ ಇದನ್ನು ಪ್ರಕೃತಿಗಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, 2004ರಲ್ಲಿ ಸುತ್ತಲಿನ ಕಡಲನ್ನೂ ಸೇರಿಸಿತು, 2005ರಲ್ಲಿ ಇಲ್ಲಿನ ಜನರ ಬದುಕಿನ ಕುರುಹುಗಳಿಗೂ ಮನ್ನಣೆ ಕೊಟ್ಟಿತು. ಪ್ರಕೃತಿ, ಸಂಸ್ಕೃತಿ ಎರಡಕ್ಕೂ ಮನ್ನಣೆ ಸಿಕ್ಕ ಜಾಗಗಳು ಜಗತ್ತಿನಲ್ಲಿ ಕೆಲವೇ. ಕಾಯುವ ಕೆಲಸ ಕಷ್ಟವಾಗುವುದೂ ಇಲ್ಲೇ. ಗೋಡೆಯಲ್ಲಿ ಹಕ್ಕಿ ಗೂಡು ಕಟ್ಟಿದೆ ಅಂದುಕೊಳ್ಳಿ. ಗೋಡೆ ಸರಿಮಾಡಬೇಕೋ, ಹಕ್ಕಿಯನ್ನು ಅದರ ಪಾಡಿಗೆ ಬಿಡಬೇಕೋ? ಉತ್ತರ ಸಾಮಾನ್ಯವಾಗಿ, ಮರಿ ಹಾರುವ ತನಕ ಕಾಯಿರಿ.

ಅಲ್ಲಿ ಕಾವಲಿಗೆ ಒಬ್ಬರೇ ಇರ್ತಾರಾ, ಲೈಟ್‌ಹೌಸ್ ಕಥೆಗಳ ಹಾಗೆ?

ಇಲ್ಲ. ಬೇಸಿಗೆಯ ತಿಂಗಳುಗಳಲ್ಲಿ ದ್ವೀಪ ನೋಡಿಕೊಳ್ಳುವ ಟ್ರಸ್ಟಿನ ರೇಂಜರ್, ಪುರಾತತ್ವ ತಜ್ಞರು, ಕಡಲಹಕ್ಕಿ ಎಣಿಸುವವರು ಇರುತ್ತಾರೆ. ಕುರಿಗಳ ಅಧ್ಯಯನಕ್ಕೆ ಬರುವ ವಿಜ್ಞಾನಿಗಳು ಬೇರೆ. ನನ್ನಂಥ ಸ್ವಯಂಸೇವಕರು ತಂಡವಾಗಿ ಬಂದು ಹೋಗುತ್ತಾರೆ. ರಾಡಾರ್ ನೆಲೆಯ ಸಿಬ್ಬಂದಿ ಮಾತ್ರ ಚಳಿಗಾಲದಲ್ಲೂ ಇರುತ್ತಾರೆ. ಕಾವಲುಗಾರ ಅಂದಾಗ ನಮಗೆ ಕಣ್ಣಿಗೆ ಬರುವುದು ಗೇಟಿನ ಬಳಿ ಕುರ್ಚಿ ಹಾಕಿ ಕೂತವರು. ಇಲ್ಲಿ ಅವರೇ ಮಾರ್ಗದರ್ಶಿ, ಮೇಸ್ತ್ರಿ, ಲೆಕ್ಕ ಬರೆಯುವವರು, ಶೌಚಾಲಯ ತೊಳೆಯುವವರು ಎಲ್ಲ.

## ದಿನನಿತ್ಯದ ಬದುಕು

ಬೆಳಗ್ಗೆ ಎದ್ದು ಮಾಡೋದೇನು? ಸುಮ್ನೆ ಸಮುದ್ರ ನೋಡ್ತಾ ಕೂರೋದಾ?

ಸಮುದ್ರವನ್ನಂತೂ ನೋಡುತ್ತಾರೆ, ಆದರೆ ಕೂತುಕೊಂಡಲ್ಲ. ಎದ್ದ ತಕ್ಷಣ ಗಾಳಿ ಯಾವ ಕಡೆಯದು ಅಂತ ನೋಡಬೇಕು, ದಿನ ಹೇಗೆ ಹೋಗುತ್ತದೆ ಅನ್ನುವುದು ಅದರ ಮೇಲೆಯೇ ನಿಂತಿದೆ. ದೋಣಿ ಬರುವ ದಿನವಾದರೆ ರೇಡಿಯೋದಲ್ಲಿ ಅವರ ಕರೆ ಬರುತ್ತದೆ. ರೇಂಜರ್ ಜೆಟ್ಟಿಗೆ ಇಳಿದು ಬಂದವರಿಗೆ ಎಲ್ಲಿ ನಡೆಯಬಹುದು, ಎಲ್ಲಿ ಬೇಡ, ಎಷ್ಟು ಗಂಟೆಗೆ ವಾಪಸ್ ಬರಬೇಕು ಅಂತ ಹೇಳುತ್ತಾರೆ. ಆಮೇಲೆ ಮೂರನೇ ನಂಬರ್ ಮನೆಯ ಪುಟ್ಟ ಮ್ಯೂಸಿಯಂ, ಚರ್ಚ್, ಹಳೆಯ ಶಾಲಾ ಕೊಠಡಿ ಎಲ್ಲದರ ಬಾಗಿಲು ತೆಗೆದು ಗುಡಿಸುವುದು. ಕುರಿ ಒಳಗೆ ನುಗ್ಗಿದ್ದರೆ ತೊಳೆಯುವುದು.

ಜನ ಹೋದ ಮೇಲೆ ಊರನ್ನು ಒಂದು ಸುತ್ತು ಹಾಕುತ್ತಾರೆ. ಯಾವ ಗೋಡೆಯಿಂದ ಕಲ್ಲು ಉರುಳಿದೆ, ಯಾವ ಚಾವಣಿಯ ಫೆಲ್ಟ್ ಹೊದಿಕೆ ಎದ್ದಿದೆ, ಎಲ್ಲಿ ನೀರು ನಿಂತಿದೆ, ಎಲ್ಲ ಪುಸ್ತಕಕ್ಕೆ ಹೋಗುತ್ತದೆ. ಇಷ್ಟೇನಾ ಅಂತ ನನಗೂ ಮೊದಲು ಅನಿಸಿತ್ತು. ಆದರೆ ಹಿಂದಿನ ವರ್ಷದ ಪುಸ್ತಕ ಇಲ್ಲದಿದ್ದರೆ ಈ ಕಲ್ಲು ನಿನ್ನೆ ಬಿದ್ದಿದ್ದೋ, ನೂರು ವರ್ಷದ ಹಿಂದೆ ಬಿದ್ದಿದ್ದೋ ಹೇಳಲು ದಾರಿಯಿಲ್ಲ.

ಊಟ ತಿಂಡಿಗೆ ಏನ್ಮಾಡ್ತೀರಿ? ಸಾಮಾನು ಎಲ್ಲಿಂದ ಬರುತ್ತೆ?

ಎಲ್ಲವೂ ಹೊರಗಿನಿಂದ, ದೋಣಿಯಲ್ಲಿ ಅಥವಾ ಹೆಲಿಕಾಪ್ಟರಿನಲ್ಲಿ. ಆದ್ದರಿಂದ ಅಕ್ಕಿ, ಬೇಳೆ, ಡಬ್ಬಿ ಪದಾರ್ಥ, ಹಿಟ್ಟು ಜಾಸ್ತಿ, ಸೊಪ್ಪು ತರಕಾರಿ ಕಡಿಮೆ. ನಮ್ಮ ತಂಡದಲ್ಲಿ ಸರದಿ ಪ್ರಕಾರ ಅಡುಗೆ. ನನ್ನ ಸರದಿಯಲ್ಲಿ ಹುಳಿ ಅನ್ನ ಮಾಡಿದೆ, ಎರಡನೇ ಸಲ ಬಡಿಸುವಷ್ಟು ಉಳಿಯಲಿಲ್ಲ. ದೋಣಿ ತಡವಾಗುವುದು ಇಲ್ಲಿ ಮಾಮೂಲು, ಹಾಗಾಗಿ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚಿನ ದಿನಸಿ ಕಪಾಟಿನಲ್ಲಿ ಇರಲೇಬೇಕು.

ಹಳೆಯ ಜನರ ಊಟ ಹಕ್ಕಿ. ಗ್ಯಾನೆಟ್, ಫುಲ್ಮಾರ್, ಪಫಿನ್ ಎಂಬ ಕಡಲಹಕ್ಕಿಗಳು ಮತ್ತು ಅವುಗಳ ಮೊಟ್ಟೆ. ಸುತ್ತ ಮೀನು ತುಂಬಿದ ಕಡಲಿದ್ದರೂ ಮೀನಿಗಿಂತ ಹಕ್ಕಿಯೇ ಹೆಚ್ಚು, ಯಾಕೆಂದರೆ ದೋಣಿ ಇಳಿಸಲು ಆಗುವ ದಿನಗಳು ಅಷ್ಟು ಕಡಿಮೆ. ಹಕ್ಕಿಯ ಗರಿ, ಎಣ್ಣೆ ದ್ವೀಪದ ಯಜಮಾನರಿಗೆ ಗೇಣಿಯಾಗಿ ಹೋಗುತ್ತಿತ್ತು.

ಕರೆಂಟು, ನೀರು, ಫೋನು ಇದೆಯಾ?

ರಾಡಾರ್ ನೆಲೆಯಲ್ಲಿ ಜನರೇಟರ್ ಇರುವುದರಿಂದ ಕರೆಂಟ್ ಇದೆ. ನೀರು ಬೆಟ್ಟದ ಊಟೆಗಳದ್ದು. ಹಳೇ ಊರಿನ ಬಾವಿಗಳು ಇವತ್ತೂ ಬತ್ತಿಲ್ಲ. ಫೋನನ್ನು ನಂಬಿಕೊಂಡು ಹೋಗಬೇಡಿ ಅಂತ ಮಾತ್ರ ಹೇಳುತ್ತೇನೆ.

ಹಳಬರದ್ದು ಇನ್ನೂ ಸ್ವಾರಸ್ಯ. 1877ರಲ್ಲಿ ಇಲ್ಲಿ ಸಿಕ್ಕಿಹಾಕಿಕೊಂಡ ಜಾನ್ ಸ್ಯಾಂಡ್ಸ್ ಎಂಬ ಪತ್ರಕರ್ತ ಕಾಗದ ಬರೆದು ತೇಲುವ ವಸ್ತುವಿಗೆ ಕಟ್ಟಿ ಕಡಲಿಗೆ ಬಿಟ್ಟ. ಅದು ದಡ ಸೇರಿ ಸಹಾಯ ಬಂತು. ಅಲ್ಲಿಂದ ಊರಿನವರು ಮರದ ತುಂಡನ್ನು ಪುಟ್ಟ ದೋಣಿಯಂತೆ ಕೊರೆದು, ಒಳಗೆ ಪತ್ರ ಇಟ್ಟು, ಕುರಿಯ ಚರ್ಮದ ಚೀಲಕ್ಕೆ ಗಾಳಿ ತುಂಬಿ ಕಟ್ಟಿ ತೇಲಿಬಿಡಲು ಕಲಿತರು. ಗಾಳಿ ಪಶ್ಚಿಮದಿಂದ ಬೀಸುವಾಗ ಬಿಟ್ಟರೆ ಸ್ಕಾಟ್ಲೆಂಡಿನ ದಡಕ್ಕೆ ಹೋಗುತ್ತಿತ್ತು, ಕೆಲವು ನಾರ್ವೆಗೂ ಹೋಗಿವೆ. ಈಗಲೂ ಖುಷಿಗೆ ಬಿಡುವವರಿದ್ದಾರೆ.

ಹುಷಾರಿಲ್ಲ ಅಂದ್ರೆ ಗತಿಯೇನು?

ಗಂಭೀರವಾದರೆ ಹೆಬ್ರಿಡೀಸ್‌ನ ಸ್ಟೋರ್ನೊವೇ ಊರಿನ ಕಡೆಯಿಂದ ಕೋಸ್ಟ್‌ಗಾರ್ಡ್ ಹೆಲಿಕಾಪ್ಟರ್ ಬರಬೇಕು. ಮಂಜು ಕವಿದಿದ್ದರೆ ಅದೂ ಕಾಯಬೇಕಾಗುತ್ತದೆ. ಅದಕ್ಕೇ ಇಲ್ಲಿ ಸಾಹಸ ಮಾಡುವವರನ್ನು ಯಾರೂ ಮೆಚ್ಚುವುದಿಲ್ಲ. ಒಬ್ಬರ ಕಾಲು ಉಳುಕಿದರೂ ಇಡೀ ತಂಡದ ಕೆಲಸ ನಿಲ್ಲುತ್ತದೆ. ಹಲ್ಲು ನೋವಿದ್ದರೆ ಹೊರಡುವ ಮೊದಲೇ ತೋರಿಸಿಕೊಳ್ಳಿ.

ಒಬ್ಬಂಟಿತನ ಕಾಡಲ್ವಾ? ನಾನಾಗಿದ್ರೆ ಹುಚ್ಚು ಹಿಡಿಯುತ್ತಿತ್ತು!

ನಾನು ಕಂಡ ಹಾಗೆ ತೊಂದರೆ ತಿರುಗುಮುರುಗು. ಒಂಟಿಯಾಗಿ ಇರಲು ಬಿಡುವೇ ಸಿಗುವುದಿಲ್ಲ. ಮಲಗುವುದು, ಉಣ್ಣುವುದು, ಬಟ್ಟೆ ಒಣಗಿಸುವುದು ಎಲ್ಲ ಅದೇ ಕೆಲವು ಜನರ ನಡುವೆ. ಒಬ್ಬರು ಬಟ್ಟಲು ತೊಳೆಯದೆ ಬಿಟ್ಟರೆ ಮೂರು ದಿನ ಅದೇ ಮಾತು. ರೇಂಜರ್ ಪಾಡು ಇನ್ನೂ ಜಾಸ್ತಿ, ಯಾಕೆಂದರೆ ದೋಣಿ ಬಂದ ದಿನ ಪೂರ್ತಿ ಅದೇ ಪ್ರಶ್ನೆಗಳಿಗೆ ಅದೇ ಉತ್ತರ ನಗುನಗುತ್ತಾ ಹೇಳಬೇಕು.

ಜೂನ್‌ನಲ್ಲಿ ರಾತ್ರಿ ಹತ್ತೂವರೆಯಾದರೂ ಬೆಳಕಿರುತ್ತದೆ. ನಿದ್ದೆ ಹಾಳಾಗುವುದು ಬೇಜಾರಿನಿಂದ ಅಲ್ಲ, ಬೆಳಕಿನಿಂದ.

ರಾತ್ರಿ ದೆವ್ವ ಗಿವ್ವ ಏನಾದ್ರೂ…?

ಈ ಪ್ರಶ್ನೆ ಕೇಳದ ಅತ್ತೆ, ಚಿಕ್ಕಮ್ಮ ಯಾರೂ ಇಲ್ಲ. ಸದ್ದುಗಳಂತೂ ಇವೆ. ಲೀಚ್ಸ್ ಪೆಟ್ರೆಲ್ ಅನ್ನುವ ಕರಿಬೂದು ಬಣ್ಣದ ಸಣ್ಣ ಕಡಲಹಕ್ಕಿ ಇಲ್ಲಿ ಬಿಲಗಳಲ್ಲಿ, ಕಲ್ಲುರಾಶಿಯ ಸಂದಿಯಲ್ಲಿ ಗೂಡು ಮಾಡುತ್ತದೆ. ಬ್ರಿಟನ್ನಿನಲ್ಲಿ ಇವುಗಳ ಅತಿ ದೊಡ್ಡ ನೆಲೆ ಇದೇ. ಹಗಲಿಗೆ ಹೊರಬಂದರೆ ದೊಡ್ಡ ಹಕ್ಕಿಗಳು ಹಿಡಿಯುತ್ತವೆ, ಅದಕ್ಕೆ ಕತ್ತಲಾದ ಮೇಲೆಯೇ ದಡಕ್ಕೆ ಬರುವುದು. ಕತ್ತಲಲ್ಲಿ ಕಾಲ ಕೆಳಗಿನ ಕಲ್ಲಿನೊಳಗಿಂದ ಯಾರೋ ಕಿಸಿಕಿಸಿ ನಕ್ಕ ಹಾಗೆ ಕೂಗುತ್ತವೆ. ಗೊತ್ತಿಲ್ಲದವರು ಓಡಿಯೇ ಹೋಗಬೇಕು.

## ನೋಡಲು ಬರುವವರು, ಬರಬಾರದವರು

ನಾವೂ ಹೋಗಿ ನೋಡಬಹುದಾ? ಪರ್ಮಿಷನ್ ಬೇಕಾ?

ಬೇಸಿಗೆಯಲ್ಲಿ ಹೆಬ್ರಿಡೀಸ್‌ನ ಹ್ಯಾರಿಸ್, ಸ್ಕೈ ದ್ವೀಪಗಳಿಂದ ದಿನದ ಪ್ರವಾಸದ ದೋಣಿಗಳು ಬರುತ್ತವೆ. ಹ್ಯಾರಿಸ್‌ನಿಂದ ಒಂದು ಕಡೆಗೇ ಸುಮಾರು ಮೂರು ತಾಸು. ದಡದಲ್ಲಿ ನಾಲ್ಕೈದು ತಾಸು ಸಿಗುತ್ತದೆ. ಅಂಗಡಿ, ಹೋಟೆಲ್ ಅಂತ ಏನೂ ಇಲ್ಲ. ಬುತ್ತಿ, ನೀರು ಒಯ್ಯಬೇಕು, ಕಸ ವಾಪಸ್ ತರಬೇಕು. ರಾತ್ರಿ ಡೇರೆ ಹಾಕಲು ಬೆರಳೆಣಿಕೆಯ ಜನರಿಗೆ ಮಾತ್ರ ಜಾಗ, ಅದಕ್ಕೆ ಟ್ರಸ್ಟಿನಿಂದ ಮೊದಲೇ ಒಪ್ಪಿಗೆ ಪಡೆಯಬೇಕು. ನಾಯಿಯನ್ನು ಕರೆದೊಯ್ಯುವಂತಿಲ್ಲ.

ಟಿಕೆಟ್ ತಗೊಂಡ್ರೂ ದೋಣಿ ಹೊರಡೋದು ಗ್ಯಾರಂಟಿ ಇಲ್ವಂತೆ, ಇದ್ಯಾವ ನ್ಯಾಯ?

ಹಿರ್ತಾದಲ್ಲಿ ಬಂದರು ಇಲ್ಲ. ಇರುವುದು ವಿಲೇಜ್ ಬೇ ಎಂಬ ಕೊಲ್ಲಿ, ಅದು ಆಗ್ನೇಯಕ್ಕೆ ಬಾಯಿ ತೆರೆದಿದೆ. ಪಶ್ಚಿಮದ ಗಾಳಿಯನ್ನು ಬೆಟ್ಟ ತಡೆಯುತ್ತದೆ, ಆಗ ನೀರು ಶಾಂತವಾಗಿರುತ್ತದೆ. ಗಾಳಿ ಆಗ್ನೇಯದಿಂದಲೋ ಪೂರ್ವದಿಂದಲೋ ಬೀಸಿದರೆ ಅಲೆ ನೇರ ಜೆಟ್ಟಿಗೇ ಬಡಿಯುತ್ತದೆ. ದೊಡ್ಡ ದೋಣಿ ದೂರದಲ್ಲಿ ಲಂಗರು ಹಾಕಿ, ಜನರನ್ನು ರಬ್ಬರ್ ದೋಣಿಯಲ್ಲಿ ದಡಕ್ಕೆ ತರಬೇಕು. ಅಲೆ ಏಳುವಾಗ ಆ ದೋಣಿಯಿಂದ ಪಾಚಿಗಟ್ಟಿದ ಮೆಟ್ಟಿಲಿಗೆ ಕಾಲಿಡುವ ಕ್ಷಣ ಇದೆಯಲ್ಲ, ಅದೊಂದಕ್ಕಾಗಿಯೇ ಇಡೀ ದಿನ ರದ್ದಾಗಬಹುದು. ಹ್ಯಾರಿಸ್‌ನಲ್ಲಿ ಬಿಸಿಲು ಕಾಯುತ್ತಿದ್ದರೂ ದೋಣಿಯವರು ಬೇಡ ಅಂದರೆ ಅವರ ಮಾತು ಕೇಳಿ. ದಿನ ಗೊತ್ತುಮಾಡುವಾಗ ಮುಂದೆ ಎರಡು ದಿನ ಖಾಲಿ ಇಟ್ಟುಕೊಳ್ಳುವುದು ಜಾಣತನ.

ಪ್ರವಾಸಿಗರಿಂದ ದೊಡ್ಡ ತಲೆನೋವು ಯಾವುದು?

ಗೋಡೆ ಹತ್ತುವುದು. ಫೋಟೋಗೆ ಅಂತ ಗಾರೆಯಿಲ್ಲದ ಗೋಡೆಯ ಮೇಲೆ ಒಬ್ಬರು ನಿಂತರೆ ಸಾಕು, ಮೇಲಿನ ಸಾಲು ಕದಲುತ್ತದೆ. ಆಮೇಲೆ ಕಲ್ಲನ್ನು ನೆನಪಿಗೆ ಅಂತ ಜೇಬಿಗೆ ಹಾಕಿಕೊಳ್ಳುವವರು. ಇನ್ನು ಕೆಲವರು ಪುಣ್ಯದ ಕೆಲಸ ಅಂದುಕೊಂಡು ಬಿದ್ದ ಕಲ್ಲನ್ನು ತಾವೇ ಎತ್ತಿ ಎಲ್ಲೋ ಇಡುತ್ತಾರೆ. ಇವರು ಮೊದಲಿನವರಿಗಿಂತ ಅಪಾಯ, ಯಾಕೆಂದರೆ ಯಾವುದು ಎಲ್ಲಿಂದ ಬಿತ್ತು ಅನ್ನುವ ಗುರುತೇ ಅಳಿಸಿಹೋಗುತ್ತದೆ. ಒಪ್ಪಿಗೆ ಇಲ್ಲದೆ ಡ್ರೋನ್ ಹಾರಿಸುವವರನ್ನೂ ತಡೆಯಬೇಕು, ಹಕ್ಕಿಗಳು ಗೂಡು ಬಿಟ್ಟು ಏಳುತ್ತವೆ. ಬಂದವರಲ್ಲಿ ಹೆಚ್ಚಿನವರು ಒಳ್ಳೆಯವರೇ ಬಿಡಿ. ಇಷ್ಟು ದೂರ ಹೊಟ್ಟೆ ತೊಳಸಿಕೊಂಡು ಬಂದವರಿಗೆ ಜಾಗದ ಮೇಲೆ ಗೌರವ ತಾನಾಗಿ ಬಂದಿರುತ್ತದೆ.

ಒಂದು ಇಲಿಗೆ ಅಷ್ಟು ಹೆದರೋದಾ?

ಹೌದು, ಬೆಂಕಿಗಿಂತ ಜಾಸ್ತಿ. ಪಫಿನ್, ಪೆಟ್ರೆಲ್ ಹಕ್ಕಿಗಳು ನೆಲದ ಬಿಲದಲ್ಲಿ ಮೊಟ್ಟೆ ಇಡುತ್ತವೆ. ಹೆಗ್ಗಣ ಇಲ್ಲದ ದ್ವೀಪ ಅನ್ನುವ ಒಂದೇ ನಂಬಿಕೆಯ ಮೇಲೆ ಈ ಲಕ್ಷಾಂತರ ಹಕ್ಕಿಗಳ ಸಂಸಾರ ನಡೆದಿದೆ. ಬಸುರಾದ ಒಂದೇ ಒಂದು ಹೆಗ್ಗಣ ಇಳಿದರೂ ಕೆಲವೇ ವರ್ಷಗಳಲ್ಲಿ ಇಳಿಜಾರುಗಳು ಖಾಲಿಯಾಗಬಹುದು. 2008ರ ಫೆಬ್ರವರಿಯಲ್ಲಿ ಸ್ಪಿನಿಂಗ್‌ಡೇಲ್ ಎಂಬ ಮೀನುಗಾರಿಕೆ ಹಡಗು ಬಿರುಗಾಳಿಗೆ ಸಿಕ್ಕಿ ವಿಲೇಜ್ ಬೇ ದಡಕ್ಕೆ ಅಪ್ಪಳಿಸಿತು. ಅದರಲ್ಲಿದ್ದವರನ್ನು ಹೆಲಿಕಾಪ್ಟರ್ ಪಾರುಮಾಡಿತು. ಅದಾದ ಮೇಲೆ ಎಲ್ಲರ ಚಿಂತೆ ಎಣ್ಣೆ ಸೋರುವುದರ ಜತೆಗೆ ಹಡಗಿನಲ್ಲಿ ಹೆಗ್ಗಣ ಇತ್ತೇ ಅನ್ನುವುದು. ಅದೃಷ್ಟಕ್ಕೆ ಹೆಗ್ಗಣದ ಸುಳಿವು ಸಿಗಲಿಲ್ಲ.

ಅದಕ್ಕೇ ಚೀಲ ಬಿಚ್ಚಿ ನೋಡುವುದು, ದಿನಸಿಯನ್ನು ಮುಚ್ಚಳದ ಪೆಟ್ಟಿಗೆಯಲ್ಲಿ ತರುವುದು, ಮೇಣದ ತುಂಡುಗಳನ್ನು ಅಲ್ಲಲ್ಲಿ ಇಟ್ಟು ಹಲ್ಲಿನ ಗುರುತು ಇದೆಯೇ ಅಂತ ತಿರುಗಿಸಿ ತಿರುಗಿಸಿ ನೋಡುವುದು ಇಲ್ಲಿಯ ನಿತ್ಯಕರ್ಮ. ಇನ್ನೊಂದು ವಿಷಯ. ಹಿರ್ತಾದಲ್ಲಿ ಜನರ ಮನೆಗಳಲ್ಲೇ ಬದುಕುತ್ತಿದ್ದ ಒಂದು ಜಾತಿಯ ಚಿಕ್ಕ ಇಲಿ ಇತ್ತು. ಜನ ಹೋದ ಒಂದೆರಡು ವರ್ಷದಲ್ಲೇ ಅದು ನಿರ್ನಾಮವಾಯಿತು. ಹೊಲದಲ್ಲಿದ್ದ ಇನ್ನೊಂದು ಜಾತಿ ಉಳಿಯಿತು, ಈಗ ಹಳೇ ಮನೆಗಳನ್ನೂ ಆಕ್ರಮಿಸಿಕೊಂಡಿದೆ. ಅದು ಮುಖ್ಯಭೂಮಿಯ ನೆಂಟನ ಎರಡರಷ್ಟು ದಪ್ಪ.

ಕುರಿಗಳು ಹಸಿದು ಸಾಯ್ತಿದ್ರೂ ಯಾರೂ ಮೇವು ಹಾಕಲ್ವಂತೆ, ಪಾಪ ಅಲ್ವಾ?

ಪಾಪವೇ. 1932ರಲ್ಲಿ ಸೋಯೆ ದ್ವೀಪದಿಂದ 107 ಕುರಿಗಳನ್ನು ತಂದು ಹಿರ್ತಾದಲ್ಲಿ ಬಿಟ್ಟರು. ಈಗಿರುವವು ಅವುಗಳ ಸಂತತಿ. ಕಂದು ಬಣ್ಣದ, ಆಡಿನಷ್ಟೇ ಚುರುಕಾದ ಹಳೇ ತಳಿ. ಇವಕ್ಕೆ ಕುರುಬರಿಲ್ಲ, ಬೇಟೆಯಾಡುವ ಪ್ರಾಣಿಯೂ ಇಲ್ಲ. ಹುಲ್ಲು ಚೆನ್ನಾಗಿದ್ದರೆ ಸಂಖ್ಯೆ ಎರಡು ಸಾವಿರ ದಾಟುತ್ತದೆ. ಆಮೇಲೆ ಒಂದು ಕೆಟ್ಟ ಚಳಿಗಾಲ ಬಂದು ಅರ್ಧಕ್ಕಿಂತ ಹೆಚ್ಚು ಸತ್ತುಹೋಗಬಹುದು. 1985ರಿಂದ ವಿಜ್ಞಾನಿಗಳು ವಿಲೇಜ್ ಬೇ ಸುತ್ತಲಿನ ಒಂದೊಂದು ಕುರಿಗೂ ಕಿವಿಗೆ ಬಿಲ್ಲೆ ಹಾಕಿ ಹುಟ್ಟು ಸಾವು ಬರೆದಿಡುತ್ತಿದ್ದಾರೆ. ಮೇವು ಹಾಕಿದರೆ ಆ ಲೆಕ್ಕವೆಲ್ಲ ನೀರುಪಾಲು. ಆ ಲೆಕ್ಕದಿಂದಲೇ ಗೊತ್ತಾಗಿದ್ದು, ಕುರಿಗಳ ಗಾತ್ರ ನಿಧಾನವಾಗಿ ಕುಗ್ಗುತ್ತಿದೆ ಅಂತ. ಚಳಿ ಕಡಿಮೆಯಾಗಿ, ಮೊದಲು ಸಾಯುತ್ತಿದ್ದ ಸಣ್ಣ ಮರಿಗಳೂ ಈಗ ಬದುಕುತ್ತಿವೆ.

ವಿಜ್ಞಾನದ ಮಾತು ಒಪ್ಪುತ್ತೇನೆ. ಆದರೆ ಹಳೇ ಕಲ್ಲಿನ ಗುಡಿಸಲೊಳಗೆ ಗಾಳಿಗೆ ಮುಖ ಮರೆಮಾಡಿ ಸತ್ತ ಕುರಿಯನ್ನು ಹೊರಗೆ ಎಳೆಯುವ ಕೆಲಸ ಸ್ವಯಂಸೇವಕರ ಪಾಲಿಗೆ ಬರುತ್ತದೆ. ಮೂಗು ಕಟ್ಟಿಕೊಂಡರೂ ವಾಸನೆ ಹೋಗದು.

## ಕೆಲಸದ ಒಳಹೊರಗು

ಎಲ್ಲಾ ಮನೆಗೂ ಚಾವಣಿ ಹಾಕಿ ಮೊದಲಿನ ಹಾಗೇ ಮಾಡಬಹುದಲ್ಲ?

ಮೊದಲಿನ ಹಾಗೆ ಅಂದರೆ ಯಾವಾಗಿನ ಹಾಗೆ? 1830ರ ದಶಕದಲ್ಲಿ ಊರಿನವರು ಬೀದಿಯುದ್ದಕ್ಕೆ ದಪ್ಪ ಗೋಡೆಯ, ಹುಲ್ಲು ಹೊದಿಸಿದ ಮನೆ ಕಟ್ಟಿಕೊಂಡರು. ಅದೇ ಮನೆಯಲ್ಲಿ ಚಳಿಗಾಲಕ್ಕೆ ದನವೂ ಇರುತ್ತಿತ್ತು. 1860ರ ಬಿರುಗಾಳಿ ಅವುಗಳಿಗೆ ಹಾನಿ ಮಾಡಿದ ಮೇಲೆ ದ್ವೀಪದ ಯಜಮಾನರ ಕಡೆಯಿಂದ 16 ಹೊಸ ಮನೆ ಬಂದವು. ಕಿಟಕಿ, ಚಿಮಣಿ, ಸತುವಿನ ತಗಡು ಎಲ್ಲ ಇದ್ದವು. ಗಾಳಿ ತಗಡನ್ನೂ ಕಿತ್ತಿತು. ಆಮೇಲೆ ಟಾರು ಬಳಿದ ಫೆಲ್ಟ್ ಹಾಕಿದರು. ಹಳೇ ಮನೆ ಕೊಟ್ಟಿಗೆಯಾಯಿತು. ಹಳತು ಹೊಸದು ಈಗಲೂ ಅಕ್ಕಪಕ್ಕ ನಿಂತಿವೆ. ಹೊಸದರ ಒಳಗೆ ತೇವ, ಚಳಿ ಜಾಸ್ತಿ ಅಂತ ಊರಿನವರು ಗೊಣಗುತ್ತಿದ್ದರು. ನನ್ನ ಪ್ರಕಾರ ಅವರು ಹೇಳಿದ್ದು ಸರಿ. ಬಿರುಗಾಳಿಗೆ ಬೆನ್ನು ಬಗ್ಗಿಸಿ ಕೂತ ಹಳೇ ಮನೆಯ ಬುದ್ಧಿ ಹೊಸದಕ್ಕೆ ಇರಲಿಲ್ಲ.

ಇವತ್ತು ಆರು ಮನೆಗಳಿಗೆ ಮಾತ್ರ ಚಾವಣಿ ಇದೆ. ಅದರಲ್ಲಿ ಒಂದು ಮ್ಯೂಸಿಯಂ, ಉಳಿದವು ಕೆಲಸಕ್ಕೆ ಬರುವವರಿಗೆ. ಬೇರೆಯವು ಬಿದ್ದಷ್ಟೇ ಬಿದ್ದು, ಅದಕ್ಕಿಂತ ಹೆಚ್ಚು ಬೀಳದ ಹಾಗೆ ನಿಲ್ಲಿಸಿಕೊಳ್ಳುವುದು ಕೆಲಸ. ಅವುಗಳ ಒಲೆಯ ಜಾಗದಲ್ಲಿ ಒಂದೊಂದು ಕಪ್ಪು ಹಲಗೆಗಲ್ಲು ಇಟ್ಟು, 1930ರಲ್ಲಿ ಆ ಮನೆಯಲ್ಲಿ ಇದ್ದವರ ಹೆಸರು ಬರೆದಿದ್ದಾರೆ. ಒಂದು ಮನೆಯ ಕಲ್ಲಿನಲ್ಲಿ ಆಗಲೇ ಖಾಲಿಯಾಗಿತ್ತು ಅಂತಷ್ಟೇ ಇದೆ. ಎಲ್ಲಕ್ಕೂ ಚಾವಣಿ ಹಾಕಿದ್ದರೆ ಅದು ಸಿನಿಮಾ ಸೆಟ್ ಆಗುತ್ತಿತ್ತು ಅಂತ ನನಗೆ ಅನಿಸುತ್ತದೆ.

ಬೆಟ್ಟದ ತುಂಬ ಕಾಣೋ ಆ ಕಲ್ಲಿನ ಗುಪ್ಪೆಗಳೇನು?

ಅವುಗಳ ಹೆಸರು ಕ್ಲೀಟ್. ಊರಿನವರ ಉಗ್ರಾಣ, ಫ್ರಿಜ್ ಎರಡೂ ಅದೇ. ಹಿರ್ತಾ ಒಂದರಲ್ಲೇ 1,260ಕ್ಕೂ ಹೆಚ್ಚು ಇವೆ. ಗಾರೆ ಹಾಕದೆ ಕಲ್ಲು ಜೋಡಿಸಿ, ಮೇಲೆ ಹೋಗುತ್ತಾ ಗೋಡೆಯನ್ನು ಒಳಕ್ಕೆ ಬಾಗಿಸಿ, ತುದಿಗೆ ದೊಡ್ಡ ಚಪ್ಪಡಿ ಹಾಸಿ, ಅದರ ಮೇಲೆ ಹುಲ್ಲಿನ ಸಮೇತ ಮಣ್ಣಿನ ಹೆಂಟೆ ಹೊದಿಸಿದ ಗೂಡು. ಮಣ್ಣು ಮಳೆ ತಡೆಯುತ್ತದೆ, ಗೋಡೆಯ ಸಂದಿಯಿಂದ ಗಾಳಿ ಹಾದುಹೋಗುತ್ತದೆ. ಒಳಗೆ ನೇತುಹಾಕಿದ ಹಕ್ಕಿ ಮಾಂಸ ಕೊಳೆಯದೆ ಒಣಗುತ್ತಿತ್ತು. ಮೊಟ್ಟೆ, ಹುಲ್ಲು, ಉರುವಲಿಗೆ ಒಣಗಿಸಿದ ಪೀಟ್ ಎಂಬ ಜೌಗುಮಣ್ಣು ಕೂಡ ಅಲ್ಲೇ.

ಬಿದ್ದ ಒಂದು ಕ್ಲೀಟ್ ಕಟ್ಟುವುದನ್ನು ಹತ್ತಿರದಿಂದ ನೋಡಿದೆ. ಮೊದಲು ಫೋಟೋ, ಹಳೇ ಫೋಟೋ ಜತೆ ಹೋಲಿಕೆ. ಆಮೇಲೆ ಕಲ್ಲುಗಳನ್ನು ಹುಲ್ಲಿನ ಮೇಲೆ ಬಿಡಿಸಿಡುತ್ತಾರೆ. ಕಲ್ಲಿನ ಯಾವ ಮುಖ ಹೊರಗಿತ್ತು ಅಂತ ತಿಳಿಯುವುದು ಹೇಗೆ? ಬೂದು, ಹಳದಿ ಕಲ್ಲುಹೂವು ಬೆಳೆದಿದ್ದರೆ ಅದೇ ಹೊರಮುಖ, ಬೋಳಾಗಿದ್ದರೆ ಒಳಗಿದ್ದದ್ದು. ಪ್ರತಿ ಕಲ್ಲನ್ನೂ ಒಂದು ಚೂರು ಹೊರಕ್ಕೆ ಇಳಿಜಾರಾಗಿ ಕೂರಿಸಬೇಕು, ಆಗ ನೀರು ಹೊರಗೆ ಜಾರುತ್ತದೆ. ಒಳಕ್ಕೆ ವಾಲಿದರೆ ನೀರು ಗೋಡೆಯ ಹೊಟ್ಟೆಗೆ ಹೋಗುತ್ತದೆ. ಜತೆಗಿದ್ದ ಹಿರಿಯರೊಬ್ಬರು ಅಂಗೈ ಇಟ್ಟು ಕಲ್ಲನ್ನು ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ಟಕ್ ಅಂತ ಸದ್ದು ಬಂದರೆ ತೆಗೆದು ಮತ್ತೆ ಇಡುವುದು. ಇಡೀ ಬೆಳಗ್ಗೆ ಕಳೆದು ಮೊಣಕಾಲೆತ್ತರ ಎದ್ದಿರಲಿಲ್ಲ.

ಎಲ್ಲ ಕ್ಲೀಟ್‌ಗಳನ್ನೂ ಉಳಿಸುವುದು ಆಗದ ಮಾತು. ಊರಿನ ಒಳಗಿನವುಗಳಿಗೆ ಮೊದಲ ಗಮನ, ಬೆಟ್ಟದ ತುದಿಯವು ಗಾಳಿಯ ಕೈಯಲ್ಲಿವೆ.

ಸ್ವಲ್ಪ ಸಿಮೆಂಟ್ ಹಾಕಿದ್ರೆ ಒಂದೇ ಸಲಕ್ಕೆ ಗಟ್ಟಿ ಆಗಲ್ವಾ?

ಈ ಪ್ರಶ್ನೆ ಸಾಮಾನ್ಯವಾಗಿ ಕಟ್ಟಡ ಕಟ್ಟಿದ ಅನುಭವ ಇರುವವರಿಂದಲೇ ಬರುತ್ತದೆ. ಹಳೇ ಕಲ್ಲಿನ ಗೋಡೆ ತೇವ ಹೀರಿ ತೇವ ಬಿಡುತ್ತಿರುತ್ತದೆ. ಸುಣ್ಣದ ಗಾರೆ ಮೆತ್ತಗಿದ್ದು ಅದಕ್ಕೆ ದಾರಿ ಕೊಡುತ್ತದೆ. ಸಿಮೆಂಟ್ ದಾರಿ ಮುಚ್ಚುತ್ತದೆ. ಆಗ ನೀರು ಕಲ್ಲಿನ ಮೂಲಕವೇ ಹೊರಬರಬೇಕು. ಕಡಲ ಗಾಳಿಯ ಉಪ್ಪು ಆ ನೀರಿನಲ್ಲಿ ಕರಗಿರುತ್ತದೆ. ನೀರು ಆರಿದಾಗ ಉಪ್ಪು ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಹರಳುಗಟ್ಟಿ ಉಬ್ಬುತ್ತದೆ, ಕಲ್ಲಿನ ಮುಖ ಪದರ ಪದರವಾಗಿ ಉದುರುತ್ತದೆ. ಗಾರೆ ಗಟ್ಟಿ, ಕಲ್ಲು ಪುಡಿ! ಗಾರೆ ಉದುರಿದರೆ ಮತ್ತೆ ತುಂಬಬಹುದು, ಹಳೇ ಕಲ್ಲು ಮತ್ತೆ ಸಿಗದು.

ಕಬ್ಬಿಣದ್ದೂ ಇದೇ ಕಥೆ. 1918ರ ಮೇ 15ರಂದು ಜರ್ಮನ್ ಸಬ್‌ಮರೀನ್ ಒಂದು ಕೊಲ್ಲಿಗೆ ಬಂದು ಇಲ್ಲಿನ ವೈರ್‌ಲೆಸ್ ಕೇಂದ್ರದ ಮೇಲೆ ಗುಂಡು ಹಾರಿಸಿತು. ಸತ್ತದ್ದು ಒಂದು ಕುರಿಮರಿ. ಆಮೇಲೆ ಎಚ್ಚೆತ್ತು ಒಂದು ಫಿರಂಗಿ ತಂದು ನಿಲ್ಲಿಸಿದರು, ಅದು ಶತ್ರುವಿನ ಮೇಲೆ ಒಮ್ಮೆಯೂ ಸಿಡಿಯಲಿಲ್ಲ. ಈಗ ಅದರ ಶತ್ರು ತುಕ್ಕು. ಕೆರೆದು ಬಣ್ಣ ಬಳಿಯುವುದು ಮುಗಿಯುವುದೇ ಇಲ್ಲ.

ಹಾಗಾದ್ರೆ ಎಲ್ಲಕ್ಕಿಂತ ಮುಖ್ಯವಾದ ದುರಸ್ತಿ ಯಾವುದು?

ಚರಂಡಿ. ಕೇಳಿದವರ ಮುಖ ಸಪ್ಪಗಾಗುತ್ತದೆ, ಏನು ಮಾಡುವುದು. ಊರಿನ ಹಿಂದೆ ಕಡಿದಾದ ಬೆಟ್ಟ, ಮಳೆನೀರೆಲ್ಲ ಮನೆಗಳ ಬೆನ್ನಿಗೇ ಬರುತ್ತದೆ. ಹಳಬರು ಮನೆಗಳ ನಡುವೆ ಕಲ್ಲು ಹಾಸಿ ಕಾಲುವೆ ಮಾಡಿದ್ದರು. ಅವುಗಳಲ್ಲಿ ಹುಲ್ಲಿನ ಬೇರು, ಕುರಿಯ ಹಿಕ್ಕೆ, ಮೇಲಿಂದ ಇಳಿದ ಮಣ್ಣು ತುಂಬಿ ಕಟ್ಟಿಕೊಳ್ಳುತ್ತದೆ. ಕಟ್ಟಿದ ನೀರು ತಳಪಾಯ ಮೆತ್ತಗೆ ಮಾಡುತ್ತದೆ, ಗೋಡೆ ಹೊಟ್ಟೆ ಬರುತ್ತದೆ, ಮುಂದಿನ ಚಳಿಗಾಲಕ್ಕೆ ಬೀಳುತ್ತದೆ. ಸಲಿಕೆ ಹಿಡಿದು ಬಗ್ಗಿ ಮಣ್ಣು ತೆಗೆಯುತ್ತಾ ಹೋದಾಗ ಒಂದು ಕಡೆ ತಡೆ ಬಿಟ್ಟು, ಚಹಾದ ಬಣ್ಣದ ನೀರು ಗಳಗಳ ಹರಿದು ಬೂಟಿನೊಳಗೆ ನುಗ್ಗುತ್ತದೆ. ಅಲ್ಲಿ ಕೂಗಿಕೊಂಡಷ್ಟು ಖುಷಿಯಲ್ಲಿ ನಾವು ಬೇರೆಲ್ಲೂ ಕೂಗಲಿಲ್ಲ. ನಾನು ಅರ್ಥಮಾಡಿಕೊಂಡ ಮಟ್ಟಿಗೆ ಸೇಂಟ್ ಕಿಲ್ಡಾ ಕಾಯುವುದು ಅಂದರೆ ಮುಕ್ಕಾಲು ಪಾಲು ನೀರು ಕಾಯುವುದೇ.

ಸಮುದ್ರ ಕೊರೆತ ಅಲ್ಲೂ ಇದೆಯಾ?

ಇದೆ. ಕೊಲ್ಲಿಯ ಅಂಚು ಮೆತ್ತನೆಯ ಮಣ್ಣು, ಚಳಿಗಾಲದ ಅಲೆ ಅದನ್ನು ತಿನ್ನುತ್ತದೆ. ಗರಿ ಇಡುತ್ತಿದ್ದ ಹಳೇ ಉಗ್ರಾಣ ನೀರಿಗೆ ತೀರಾ ಹತ್ತಿರ. ಗೋಡೆ ಬಿದ್ದರೆ ಕಟ್ಟಬಹುದು, ಗೋಡೆ ನಿಂತ ನೆಲವೇ ಹೋದರೆ ಫೋಟೋ ತೆಗೆದು, ಅಳತೆ ಬರೆದಿಡುವುದಷ್ಟೇ ಉಳಿಯುವುದು.

ಹಕ್ಕಿ ಜ್ವರ ಅಲ್ಲಿಗೂ ಬಂತಾ?

ಬಂತು. 2022ರಲ್ಲಿ ಗ್ರೇಟ್ ಸ್ಕುವಾ ಹಕ್ಕಿಗಳಿಗೆ ಬಲವಾದ ಪೆಟ್ಟು ಬಿತ್ತು. ಇವು ಗೂಡಿನ ಹತ್ತಿರ ಹೋದವರ ತಲೆಗೇ ಎರಗುವ ಗಟ್ಟಿ ಹಕ್ಕಿಗಳು. ಬೋರೆರೇ ಮತ್ತು ಅದರ ಬಂಡೆಗಳ ಮೇಲೆ ಸುಮಾರು 60,000 ಜೋಡಿ ಗ್ಯಾನೆಟ್ ಒತ್ತೊತ್ತಾಗಿ ಗೂಡು ಕಟ್ಟುತ್ತವೆ, ಅಂಥ ಕಡೆ ಸೋಂಕು ಅಂದರೆ ಊಹಿಸಿಕೊಳ್ಳಿ. ಕಾಯುವವರು ಮಾಡಬಹುದಾದದ್ದು ಸತ್ತವನ್ನು ಎಣಿಸುವುದು, ಮುಟ್ಟದಿರುವುದು, ಬೇರೆಯವರೂ ಮುಟ್ಟದ ಹಾಗೆ ನೋಡಿಕೊಳ್ಳುವುದು. ಕೈಕಟ್ಟಿ ನೋಡುವುದೂ ಕೆಲಸದ ಭಾಗ ಅಂತ ಒಪ್ಪಿಕೊಳ್ಳಲು ಹೊಸಬರಿಗೆ ಕಷ್ಟ.

ಅಣ್ಣಾ, ಈ ಕೆಲಸ ನಂಗೂ ಸಿಗುತ್ತಾ? ಏನು ಓದಿರಬೇಕು?

ರೇಂಜರ್ ಹುದ್ದೆಗೆ ಹಕ್ಕಿ, ಪರಿಸರದ ಜ್ಞಾನ ಮತ್ತು ಜನರ ಜತೆ ತಾಳ್ಮೆ ಬೇಕು. ಪುರಾತತ್ವದ ಹುದ್ದೆಗೆ ಅದರದ್ದೇ ಓದು ಬೇಕು. ಹುದ್ದೆಗಳು ಕಡಿಮೆ, ಬ್ರಿಟನ್ನಿನಲ್ಲಿ ಕೆಲಸ ಮಾಡುವ ಹಕ್ಕು ನಿಮಗೆ ಇರಬೇಕು. ಸ್ವಯಂಸೇವಕರ ತಂಡಕ್ಕೆ ಓದಿಗಿಂತ ಮೈಬಗ್ಗಿಸುವುದು ಮುಖ್ಯ. ಸಂಬಳ ಇಲ್ಲ, ಹೋಗುವ ಖರ್ಚಿಗೆ ನಿಮ್ಮದೇ ಹಣ ಕೊಡಬೇಕು. ದುಡ್ಡು ಕೊಟ್ಟು ಚರಂಡಿ ತೋಡುವುದಾ ಅಂತ ನಮ್ಮಪ್ಪ ಕೇಳಿದ್ದರು. ಹೌದು, ಅದೇ.

ಹೊರಡೋಕೆ ಏನೇನು ಕಟ್ಟಿಕೊಳ್ಳಲಿ?

ನೀರು ಒಳಗಿಳಿಯದ ಕೋಟು ಪ್ಯಾಂಟು, ಎರಡು ಜತೆ ಬೂಟು, ಉಣ್ಣೆಯ ಕಾಲುಚೀಲ ಅಂದುಕೊಂಡದ್ದಕ್ಕಿಂತ ಎರಡರಷ್ಟು, ಕಲ್ಲು ಎತ್ತಲು ತಡೆಯುವ ಕೈಗವಸು. ಬೂಟಿನ ಅಡಿಯ ಮಣ್ಣು, ಬೀಜ ಬ್ರಷ್‌ನಲ್ಲಿ ಉಜ್ಜಿ ತೆಗೆದಿರಬೇಕು. ಮಲಗುವಾಗ ಕಣ್ಣಿಗೆ ಕಟ್ಟಿಕೊಳ್ಳಲು ಪಟ್ಟಿ, ವಾಂತಿಯ ಮಾತ್ರೆ. ಮಾತ್ರೆಯನ್ನು ದೋಣಿ ಹತ್ತಿದ ಮೇಲಲ್ಲ, ಹತ್ತುವ ಮೊದಲೇ ನುಂಗಿ. ಛತ್ರಿ ಬೇಡ.